ಹಳೆಯ ಗಣಕಯಂತ್ರಕ್ಕೆ ಹೊಸ ವಿಂಡೋಸ್ ಬೇಕೇ?

ಮನೆಯಲ್ಲಿ ಗಣಕಯಂತ್ರವನ್ನಿಟ್ಟುಕೊಂಡಿರುವ ಬಂಧುಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಯಂತ್ರ ಚೆನ್ನಾಗಿಯೇ ನಡೆಯುತ್ತಿರುವಾಗ ವಿಂಡೋಸ್ 10 ತೆಗೆದು ವಿಂಡೋಸ್ 11 ಹಾಕಿಸಬೇಕೇ, ಬೇಡವೇ? ಅಂಗಡಿಯವರನ್ನು ವಿಚಾರಿಸಿದರೆ ಹೊಸ ಯಂತ್ರವನ್ನೇ ಕೊಳ್ಳಿರೆನ್ನುತ್ತಾರೆ. ನೆರೆಮನೆಯ ಹುಡುಗ ಅರ್ಧ ಗಂಟೆಯ ಕೆಲಸವೆನ್ನುತ್ತಾನೆ. ಇಬ್ಬರ ಮಾತನ್ನೂ ತುಸು ಬದಿಗಿರಿಸಿ ಆಲೋಚಿಸುವುದು ಲೇಸು.

ವಿಂಡೋಸ್ 10 ಹೊರಬಂದುದು 2015ರ ಜುಲೈ 29ರಂದು. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ಅದರ ಸಾಮಾನ್ಯ ಪೋಷಣೆಯನ್ನು ಕೊನೆಗೊಳಿಸಿತು. ಅಷ್ಟಕ್ಕೆ ಯಂತ್ರವೇನೂ ನಿಲ್ಲುವುದಿಲ್ಲ. ನಿಲ್ಲುವುದು ತಿಂಗಳು ತಿಂಗಳು ಉಚಿತವಾಗಿ ಬರುತ್ತಿದ್ದ ರಕ್ಷಣಾ ತಿದ್ದುಪಡಿಗಳು. ನಮ್ಮ ಕಡೆಯ ಮಣ್ಣಿನ ಮಾಳಿಗೆಗೆ ಒಂದು ವರ್ಷ ಮಣ್ಣು ಹಾಕದಿದ್ದರೆ ಮನೆ ಅಂದೇ ಬೀಳುವುದಿಲ್ಲ. ಮಳೆ ಹಿಡಿದಾಗ ಎಲ್ಲೆಲ್ಲಿ ಸೋರುವುದೆಂಬುದು ತಿಳಿಯುತ್ತದೆ.

ಇದು ಬರಿಯ ಬೆದರಿಕೆಯಲ್ಲ. 2017ರ ಮೇ ತಿಂಗಳಿನಲ್ಲಿ ‘ವಾನಾಕ್ರೈ’ ಎಂಬ ದುಷ್ಟ ತಂತ್ರಾಂಶವು ಹಲವಾರು ದೇಶಗಳ ಗಣಕಯಂತ್ರಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಭೇಟಿಗಳು ರದ್ದಾದವು. ಆ ದೋಷಕ್ಕೆ ಬೇಕಾದ ತಿದ್ದುಪಡಿ ಅದೇ ವರ್ಷದ ಮಾರ್ಚ್‌ನಲ್ಲಿಯೇ ಬಂದಿತ್ತು! ಪೆಟ್ಟು ತಿಂದವುಗಳಲ್ಲಿ ಹೆಚ್ಚಿನವು ಅದನ್ನು ಹಾಕಿಕೊಳ್ಳದ ಯಂತ್ರಗಳು. ಆದುದರಿಂದ ಬ್ಯಾಂಕಿನ ವ್ಯವಹಾರ, ಪಿಂಚಣಿಯ ಕೆಲಸ, ಮಕ್ಕಳ ಅರ್ಜಿಗಳು ನಡೆಯುವ ಯಂತ್ರವನ್ನು ತಿದ್ದುಪಡಿಯಿಲ್ಲದೆ ಅಂತರಜಾಲಕ್ಕೆ ಜೋಡಿಸಿಡುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಜಾಲಕ್ಕೇ ಜೋಡಿಸದೆ ಲೆಕ್ಕ ಬರೆಯಲು ಮಾತ್ರ ಬಳಸುವವರಿಗೆ ಅವಸರವಿಲ್ಲ.

ಆದರೆ ಎಲ್ಲ ಯಂತ್ರಗಳೂ ವಿಂಡೋಸ್ 11ಕ್ಕೆ ಅರ್ಹವಲ್ಲ. ಟಿಪಿಎಂ 2.0 ಎಂಬ ರಕ್ಷಣಾ ಚಿಪ್, ಕನಿಷ್ಠ 4 ಜಿಬಿ ಸ್ಮೃತಿ, 64 ಜಿಬಿ ಸಂಗ್ರಹ ಬೇಕು. ಇಂಟೆಲ್ ಪ್ರಾಸೆಸರಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದು ಅಥವಾ ಅನಂತರದ್ದಿರಬೇಕು. ಮೈಕ್ರೋಸಾಫ್ಟಿನದೇ ಆದ ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ತಂತ್ರಾಂಶವು ಇದನ್ನು ಪರೀಕ್ಷಿಸಿ ಹೇಳುತ್ತದೆ. ಟಿಪಿಎಂ ಇಲ್ಲವೆಂದು ಬಂದರೆ ಧೃತಿಗೆಡಬೇಕಾಗಿಲ್ಲ. ಅನೇಕ ವೇಳೆ ಚಿಪ್ ಒಳಗಿದ್ದು, ಬಯಾಸ್‌ನಲ್ಲಿ ನಿಷ್ಕ್ರಿಯವಾಗಿರುತ್ತದೆ. 4 ಜಿಬಿ ಎಂಬುದು ಹೇಳುವ ಮಾತು. 8 ಇಲ್ಲದಿದ್ದರೆ ಕೆಲಸ ಕುಂಟುತ್ತದೆ.

ಇನ್ನು ಕನ್ನಡಿಗರ ಮನೆಗಳಿಗೇ ವಿಶಿಷ್ಟವಾದ ತೊಡಕೊಂದಿದೆ. ಹಿಂದೆ ನುಡಿ, ಬರಹ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದ ಹಲವು ಕಡತಗಳು ಯೂನಿಕೋಡ್‌ನಲ್ಲಿಲ್ಲ. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಲಾಗಿದೆ. ಆ ಫಾಂಟ್ ಇರುವವರೆಗೆ ಕನ್ನಡವಾಗಿ ಕಾಣುವ ಬರೆಹ, ಅದಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗುತ್ತದೆ. ಅಜ್ಜನವರು ಬರೆಸಿದ ವಂಶಾವಳಿ, ಹಿಸ್ಸೆಯ ಕರಡು, ಮದುವೆಯ ಪಟ್ಟಿ, ಇವೆಲ್ಲ ಕಡತದಲ್ಲಿ ಇದ್ದೂ ಇಲ್ಲದಂತಾಗುತ್ತವೆ. ಫಾಂಟನ್ನು ತಿರುಗಿ ಹಾಕಿದರೆ ಓದಬಹುದು ನಿಜ. ಆದರೆ ಇಪ್ಪತ್ತು ವರ್ಷಗಳ ಮೇಲೆ ಯಾವ ಫಾಂಟೆಂದು ನೆನಪಿಡುವವರಾರು? ಹಳೆಯ ಯಂತ್ರ ಬದುಕಿರುವಾಗಲೇ ಫಾಂಟುಗಳನ್ನು ನಕಲು ಮಾಡಿಕೊಂಡು, ಪರಿವರ್ತಕದ ಮೂಲಕ ಕಡತಗಳನ್ನು ಯೂನಿಕೋಡ್‌ಗೆ ತಿರುಗಿಸಿ, ಒತ್ತಕ್ಷರಗಳು ಕೆಟ್ಟಿವೆಯೇ ಎಂದು ಒಮ್ಮೆ ಓದಿ ನೋಡಬೇಕು. ಮುಖ್ಯವಾದವನ್ನು ಕಾಗದದ ಮೇಲೂ ಮುದ್ರಿಸಿಕೊಳ್ಳಿರಿ.

ಮತ್ತೊಂದು ಸಂಗತಿ. ವಿಂಡೋಸ್ 10ರಲ್ಲಿ 32 ಬಿಟ್ಟಿನ ಆವೃತ್ತಿಯೂ ಇತ್ತು. 11ರಲ್ಲಿ 64 ಬಿಟ್ಟಿನದು ಮಾತ್ರ. 32ರಲ್ಲಿ ನಡೆಯುತ್ತಿದ್ದ ಹಳೆಯ ಮುದ್ರಕದ ಚಾಲಕ ತಂತ್ರಾಂಶ, ಡಾಸ್ ಕಾಲದ ಅಂಗಡಿ ಲೆಕ್ಕದ ತಂತ್ರಾಂಶ ಇದರಲ್ಲಿ ನೇರವಾಗಿ ನಡೆಯವು. ಅಂಥವರು ಎಲ್ಲವನ್ನೂ ಹೊಸದಾಗಿ ಸ್ಥಾಪಿಸಬೇಕಾಗುತ್ತದೆ.

ಅರ್ಹ ಯಂತ್ರವೂ ಅಧಿಕೃತ ವಿಂಡೋಸ್ 10ರ ಪರವಾನಗಿಯೂ ಉಳ್ಳವರಿಗೆ ಬದಲಾವಣೆ ಉಚಿತ. ಮೊದಲು ಚಿತ್ರ, ಪತ್ರಗಳನ್ನೆಲ್ಲ ಎರಡು ಪ್ರತ್ಯೇಕ ಕಡೆ ನಕಲು ಮಾಡಿಡಿರಿ. ಅದರಲ್ಲೊಂದು ಯಂತ್ರದಿಂದ ಬೇರೆಯಾಗಿರಲಿ. ಡಿಸ್ಕಿಗೆ ಬಿಟ್‌ಲಾಕರ್ ರಕ್ಷಣೆಯಿದ್ದಲ್ಲಿ ಅದರ 48 ಅಂಕಿಗಳ ಕೀಲಿಯನ್ನು ವಹಿಯಲ್ಲಿ ಬರೆದಿಡಿರಿ. ಅದು ಕಳೆದರೆ ಬಿಚ್ಚಿಕೊಡುವವರಾರೂ ಇಲ್ಲ. ಹೊಸದು ಒಗ್ಗದಿದ್ದರೆ ಹಿಂದಿನದಕ್ಕೆ ಮರಳಲು ಸಾಮಾನ್ಯವಾಗಿ ಹತ್ತು ದಿನಗಳ ಅವಕಾಶವಿರುವುದರಿಂದ ಆ ದಿನಗಳಲ್ಲಿಯೇ ಮುದ್ರಕ, ಬ್ಯಾಂಕು, ಕನ್ನಡ ಬೆರಳಚ್ಚು ಎಲ್ಲವನ್ನೂ ಪರೀಕ್ಷಿಸತಕ್ಕದ್ದು. ಪರೀಕ್ಷೆಯ ತಿಂಗಳಿನಲ್ಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿರಿ.

ಅರ್ಹವಲ್ಲದ ಯಂತ್ರಕ್ಕೆ ಅಡ್ಡದಾರಿಯಿಂದ 11 ಹಾಕಿಕೊಡುವವರಿದ್ದಾರೆ. ಅಂಥ ಯಂತ್ರಕ್ಕೆ ಮುಂದೆ ತಿದ್ದುಪಡಿ ಬರುವುದೆಂಬ ಭರವಸೆಯಿಲ್ಲ. ಮನೆಬಳಕೆಯವರಿಗೆಂದು ವಿಂಡೋಸ್ 10ರ ರಕ್ಷಣೆಯನ್ನು 2026ರ ಅಕ್ಟೋಬರ್ 13ರವರೆಗೆ ವಿಸ್ತರಿಸುವ ಯೋಜನೆಯನ್ನು ಸಂಸ್ಥೆ ಪ್ರಕಟಿಸಿತ್ತು. ಅದು ಉಸಿರಾಡುವಷ್ಟು ಬಿಡುವು, ಪರಿಹಾರವಲ್ಲ. ಜಾಲ ನೋಡುವುದು, ಪತ್ರ ಬರೆಯುವುದು ಇಷ್ಟೇ ಆದರೆ ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆಯಿಂದ ಹಳೆಯ ಯಂತ್ರವೂ ಇನ್ನಷ್ಟು ವರ್ಷ ದುಡಿದೀತು; ಅದರಲ್ಲಿ ಯೂನಿಕೋಡ್ ಕನ್ನಡಕ್ಕೆ ಕೊರತೆಯಿಲ್ಲ. ಯಂತ್ರವನ್ನು ಮಾರುವವರು ಡಿಸ್ಕನ್ನು ಪೂರ್ಣ ಅಳಿಸಿಯೋ ತೆಗೆದಿಟ್ಟುಕೊಂಡೋ ಕೊಡಿರಿ. ಕಡತವನ್ನು ಕಸದ ಬುಟ್ಟಿಗೆ ಎಳೆದುಹಾಕಿದ ಮಾತ್ರಕ್ಕೆ ಅದು ಅಳಿಯುವುದಿಲ್ಲ.