ಮೆಡಿಕಲ್‌ನಲ್ಲಿ ‘ಅನ್‌ಫಿಟ್’ ಆದ ಮೇಲೆ ಎಚ್ಚರವಾದರೆ ಸಾಲದು

ಕಳೆದ ಮಳೆಗಾಲದ ಒಂದು ಸಂಜೆ, ಮಗ್ರಿಬ್ ನಮಾಝ್ ಮುಗಿಸಿ ಬರುವಾಗ ನನ್ನ ಹಳೇ ವಿದ್ಯಾರ್ಥಿಯೊಬ್ಬನ ತಾಯಿ ಮದ್ರಸದ ಜಗಲಿಯಲ್ಲಿ ಕಾದು ನಿಂತಿದ್ದರು. ಹುಡುಗನಿಗೆ ಇಪ್ಪತ್ತೆರಡು ವರ್ಷ. ಗಲ್ಫಿಗೆ ಹೋಗಲು ವೀಸಾ ಬಂದಿತ್ತು, ಏಜೆಂಟರಿಗೆ ಹಣವೂ ಹೋಗಿತ್ತು. ಮಂಗಳೂರಿಗೆ ಇಳಿದು ಮೆಡಿಕಲ್ ಮಾಡಿಸಿದರೆ ಬಂದದ್ದು ‘ಅನ್‌ಫಿಟ್’. ಕಾರಣ ಹೆಪಟೈಟಿಸ್ ಬಿ.

‘ಉಸ್ತಾದರೇ, ಅವನಿಗೆ ಜ್ವರ ಇಲ್ಲ, ಕಣ್ಣು ಹಳದಿ ಆಗಿಲ್ಲ. ದಿನಾ ತೋಟದಲ್ಲಿ ಮೂಟೆ ಹೊರ್ತಾನೆ. ಈ ಕಾಯಿಲೆ ಎಲ್ಲಿಂದ ಬಂತು?’ ಅಂತ ಕೇಳಿದರು. ಆ ದಿನ ನನ್ನಲ್ಲಿ ಉತ್ತರ ಇರಲಿಲ್ಲ. ಆಮೇಲೆ ಡಾಕ್ಟರರಲ್ಲಿ ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ಇದು ಒಂದು ಮನೆಯ ಸಂಕಟ ಮಾತ್ರ ಅಲ್ಲ. ಗಲ್ಫ್ ರಾಷ್ಟ್ರಗಳಿಗೆ ಕೆಲಸಕ್ಕೆ ಹೋಗುವವರ ಮೆಡಿಕಲ್‌ನಲ್ಲಿ ಈ ಸೋಂಕು ಕಂಡರೆ ‘ಅನ್‌ಫಿಟ್’ ಅನ್ನುವುದು ಅಲ್ಲಿನ ನಿಯಮ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಎಷ್ಟೋ ಬ್ಯಾರಿ ಮನೆಗಳ ಒಲೆ ಉರಿಯುವುದೇ ಗಲ್ಫ್ ದುಡಿಮೆಯಿಂದ.

ನಾವು ಮೊದಲು ತಪ್ಪುವುದು ಹೆಸರಿನಲ್ಲಿ. ಮಲೆನಾಡಿನಲ್ಲಿ ಲಿವರ್‌ನ ತೊಂದರೆ ಅಂದರೆ ಎಲ್ಲವೂ ‘ಕಾಮಾಲೆ’. ಮಳೆಗಾಲದಲ್ಲಿ ಕೆಟ್ಟ ನೀರು, ಕೆಟ್ಟ ಆಹಾರದಿಂದ ಬರುವ ಕಾಮಾಲೆ ಹೆಚ್ಚಾಗಿ ಹೆಪಟೈಟಿಸ್ ಎ ಅಥವಾ ಇ. 2024ರಲ್ಲಿ ಕೇರಳದ ಮಲಪ್ಪುರಂನಲ್ಲಿ ಹರಡಿದ್ದು ಎ. ಸಾಮಾನ್ಯವಾಗಿ ಅದು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಅದಕ್ಕೇ ನಾಟಿ ಮದ್ದಿಗೂ, ಓದಿ ಊದಿದ ನೀರಿಗೂ ಗುಣವಾದ ಹೆಸರು ಬರುತ್ತದೆ. ಹೆಪಟೈಟಿಸ್ ಬಿ ಬೇರೆಯೇ. ಅದು ನೀರಿನಿಂದ ಬರುವುದಿಲ್ಲ. ಸೋಂಕಿತರ ರಕ್ತದಿಂದ, ದಾಂಪತ್ಯದ ಸಂಪರ್ಕದಿಂದ, ಹೆರಿಗೆ ಸಮಯದಲ್ಲಿ ತಾಯಿಯಿಂದ ಮಗುವಿಗೆ ಬರುತ್ತದೆ. ಕಣ್ಣು ಹಳದಿಯಾಗದೆ ಇಪ್ಪತ್ತು ಮೂವತ್ತು ವರ್ಷ ಸುಮ್ಮನೆ ಒಳಗಿದ್ದು, ಕೊನೆಗೆ ಲಿವರ್ ಗಟ್ಟಿಯಾಗುವ ಸಿರೋಸಿಸ್ ಅಥವಾ ಲಿವರ್ ಕ್ಯಾನ್ಸರ್ ಆಗಿ ಹೊರಬರಬಹುದು.

ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಕೊಟ್ಟ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಜನರಲ್ಲಿ ಈ ಸೋಂಕಿತ್ತು. ಅದರಲ್ಲಿ ಸುಮಾರು 2.98 ಕೋಟಿ ಜನ ಭಾರತದವರೇ. ಪರೀಕ್ಷೆ ಮಾಡಿಸದ ಕಾರಣ ಹೆಚ್ಚಿನವರಿಗೆ ತಮಗೆ ಸೋಂಕು ಇರುವುದೇ ಗೊತ್ತಿಲ್ಲ.

ಇಲ್ಲಿ ವಯಸ್ಸಿನ ಲೆಕ್ಕ ಮುಖ್ಯ. ಹುಟ್ಟುವಾಗ ಅಥವಾ ಮೊದಲ ವರ್ಷದಲ್ಲಿ ಸೋಂಕು ತಗುಲಿದ ನೂರು ಮಕ್ಕಳಲ್ಲಿ ಸುಮಾರು ತೊಂಬತ್ತು ಮಕ್ಕಳಿಗೆ ಅದು ಶಾಶ್ವತವಾಗಿ ಉಳಿಯುತ್ತದೆ. ದೊಡ್ಡವರಾದ ಮೇಲೆ ತಗುಲಿದರೆ ಹಾಗೆ ಉಳಿಯುವುದು ನೂರರಲ್ಲಿ ಐದಕ್ಕಿಂತ ಕಡಿಮೆ ಜನರಿಗೆ. ಆದ್ದರಿಂದಲೇ ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಚುಚ್ಚುಮದ್ದು ಕೊಡಬೇಕು ಅನ್ನುವುದು. ಆಮೇಲೆ 6, 10 ಮತ್ತು 14ನೇ ವಾರದಲ್ಲಿ ಪೆಂಟಾವಲೆಂಟ್ ಲಸಿಕೆಯೊಳಗೇ ಇದೂ ಸೇರಿರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲವೂ ಉಚಿತ. ‘ಹಸುಗೂಸಿಗೆ ಸೂಜಿ ಬೇಡ, ನಲವತ್ತು ಕಳೀಲಿ’ ಅಂತ ಮನೆಯ ಹಿರಿಯರು ಪ್ರೀತಿಯಿಂದಲೇ ಹೇಳ್ತಾರೆ. ಆದರೆ ಈ ಒಂದು ಲಸಿಕೆಯಲ್ಲಿ ಬಾಣಂತನದ ನಲವತ್ತು ದಿನ ಕಾಯುವಂತಿಲ್ಲ, ಒಂದು ದಿನವೂ ಕಾಯುವಂತಿಲ್ಲ.

ಇನ್ನೊಂದು ಲೆಕ್ಕ ನಮ್ಮ ಯುವಕರದು. ನಮ್ಮ ದೇಶದ ಲಸಿಕಾ ಕಾರ್ಯಕ್ರಮಕ್ಕೆ ಹೆಪಟೈಟಿಸ್ ಬಿ ಮೊದಲು ಪ್ರಾಯೋಗಿಕವಾಗಿ ಬಂದದ್ದು 2002-03ರಲ್ಲಿ. 2007-08ರಲ್ಲಿ ಕರ್ನಾಟಕವೂ ಸೇರಿ ಹತ್ತು ರಾಜ್ಯಗಳಿಗೆ ಬಂತು. ಇಡೀ ದೇಶಕ್ಕೆ ವಿಸ್ತರಿಸಿದ್ದು 2011ರಲ್ಲಿ. ಅಂದರೆ ಇವತ್ತು ಇಪ್ಪತ್ತು ದಾಟಿದವರಲ್ಲಿ ಹೆಚ್ಚಿನವರಿಗೆ ಬಾಲ್ಯದಲ್ಲಿ ಇದು ಸಿಕ್ಕೇ ಇಲ್ಲ. ವಿದೇಶದ ಕೆಲಸಕ್ಕೆ ಹೊರಟು ನಿಂತಿರುವವರೂ, ಮದುವೆಯ ವಯಸ್ಸಿನವರೂ ಇವರೇ.

ಸೂಜಿ, ಬ್ಲೇಡಿನ ವಿಷಯ ನಾವು ಮುಕ್ತವಾಗಿ ಮಾತಾಡಬೇಕು. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಒಮ್ಮೆ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತರು. ಈ ವೈರಸ್ ದೇಹದ ಹೊರಗೂ ಕನಿಷ್ಠ ಏಳು ದಿನ ಜೀವಂತ ಇರುತ್ತದೆ. ಆದ್ದರಿಂದ ಒಣಗಿದ ರಕ್ತವನ್ನೂ ಹಗುರವಾಗಿ ನೋಡುವಂತಿಲ್ಲ. ಹಿಜಾಮ ಮಾಡಿಸುವವರು ಬ್ಲೇಡು, ಕಪ್ಪು ಹೊಸದೇ ಅಂತ ಕಣ್ಣಾರೆ ನೋಡಿಕೊಳ್ಳಬೇಕು. ಮಕ್ಕಳ ಸುನ್ನತ್, ಹೆಣ್ಣುಮಕ್ಕಳ ಕಿವಿ ಚುಚ್ಚುವಿಕೆ, ಸೆಲೂನಿನ ಕ್ಷೌರ, ಎಲ್ಲದಕ್ಕೂ ಇದೇ ಮಾತು. ಕೇಳುವುದಕ್ಕೆ ಸಂಕೋಚ ಬೇಡ. ಮನೆಯಲ್ಲಿ ಅಣ್ಣ ತಮ್ಮಂದಿರು ಒಂದೇ ರೇಝರ್ ಬಳಸುವುದನ್ನೂ ಬಿಡಬೇಕು.

ಲಸಿಕೆ ಬಗ್ಗೆ ನಮ್ಮಲ್ಲಿ ಇನ್ನೂ ಅನುಮಾನ ಇದೆ. 2017ರಲ್ಲಿ ದಡಾರ-ರುಬೆಲ್ಲಾ ಅಭಿಯಾನ ಬಂದಾಗ ‘ಮಕ್ಕಳಾಗದ ಹಾಗೆ ಮಾಡ್ತಾರೆ’ ಅಂತ ವಾಟ್ಸಾಪಿನಲ್ಲಿ ಓಡಾಡಿದ ಸುಳ್ಳನ್ನು ನೆನಪಿಸಿಕೊಳ್ಳಿ. ಆಗ ಲಸಿಕೆ ಪಡೆದ ಕೋಟ್ಯಂತರ ಮಕ್ಕಳು ಈಗ ಆರೋಗ್ಯವಾಗಿ ದೊಡ್ಡವರಾಗುತ್ತಿದ್ದಾರೆ. ಇನ್ನು ಹೆಪಟೈಟಿಸ್ ಬಿ ಲಸಿಕೆಯ ವಿಷಯ. ಈಗಿನ ಲಸಿಕೆಯನ್ನು ರಕ್ತದಿಂದ ತೆಗೆಯುವುದಿಲ್ಲ, ಯೀಸ್ಟ್ ಎಂಬ ಸೂಕ್ಷ್ಮಜೀವಿಯ ಮೂಲಕ ತಯಾರಿಸುತ್ತಾರೆ. ಅದರಲ್ಲಿ ವೈರಸ್ಸೇ ಇರುವುದಿಲ್ಲ, ವೈರಸ್ಸಿನ ಹೊರಪದರದ ಒಂದು ಪ್ರೋಟೀನ್ ಮಾತ್ರ. ಆದ್ದರಿಂದ ಲಸಿಕೆಯಿಂದ ಕಾಯಿಲೆ ಬರುವ ಮಾತೇ ಇಲ್ಲ. 1997ರಿಂದ ನಮ್ಮ ದೇಶದ ಹೈದರಾಬಾದಿನಲ್ಲೇ ತಯಾರಾಗಿ ಬೆಲೆಯೂ ಇಳಿಯಿತು. ತೈವಾನ್ 1984ರಲ್ಲೇ ಶಿಶುಗಳಿಗೆ ಕೊಡಲು ಶುರು ಮಾಡಿತು, ಅಲ್ಲಿ ಮಕ್ಕಳ ಲಿವರ್ ಕ್ಯಾನ್ಸರ್ ಬಹಳ ಕಡಿಮೆಯಾಯಿತು. ಹಜ್ಜ್‌ಗೆ ಹೊರಟಾಗ ಮೆನಿಂಜೈಟಿಸ್ ಲಸಿಕೆಗೆ ತೋಳು ಕೊಡುವ ನಾವು, ಮಗುವಿನ ತೊಡೆಗೆ ಇದನ್ನು ಕೊಡಿಸಲು ಹಿಂಜರಿಯಬೇಕಾಗಿಲ್ಲ.

ನಮ್ಮ ಊರುಗಳಲ್ಲಿ ಮಂಗನ ಕಾಯಿಲೆಯ ಹೆದರಿಕೆ ಎಲ್ಲರಿಗೂ ಗೊತ್ತು. ಅದರ ಹಳೇ ಲಸಿಕೆ ಪರಿಣಾಮ ಸಾಲದು ಅಂತ 2022ರಲ್ಲಿ ನಿಂತುಹೋಯಿತು. ಹೊಸದು ಯಾವಾಗ ಬರುತ್ತದೆ ಅಂತ ತೋಟದ ಜನ ಕೇಳ್ತಾನೇ ಇದ್ದಾರೆ. ಒಂದು ಕಾಯಿಲೆಗೆ ಲಸಿಕೆ ಕೊಡಿ ಅಂತ ಕೇಳುವ ನಾವೇ, ಕೈಗೆಟಕುವಲ್ಲಿ ಇರುವ ಲಸಿಕೆಯನ್ನು ಬಿಡುವುದು ಸರಿಯಾ?

ದೊಡ್ಡವರು ಮಾಡಬೇಕಾದದ್ದು ಇಷ್ಟು. ಮೊದಲು ರಕ್ತ ಪರೀಕ್ಷೆ. ಸೋಂಕು ಇಲ್ಲದಿದ್ದರೆ ಮೂರು ಡೋಸ್: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ವೀಸಾ ಬಂದ ಮೇಲೆ ಓಡಿದರೆ ಆಗುವುದಿಲ್ಲ. ಲಸಿಕೆ ಹಾಕಿಸಿದ ಎರಡು ಮೂರು ವಾರದೊಳಗೆ ಪರೀಕ್ಷೆ ಮಾಡಿದರೆ ಕೆಲವೊಮ್ಮೆ ಲಸಿಕೆಯಿಂದಲೇ ಪಾಸಿಟಿವ್ ತೋರಿಸಬಹುದು. ಆದ್ದರಿಂದ ಮೆಡಿಕಲ್‌ಗೆ ಮುಂಚೆ ಸಾಕಷ್ಟು ಸಮಯ ಬಿಟ್ಟು ಹಾಕಿಸಿಕೊಳ್ಳಿ. ಗರ್ಭಿಣಿಯರು ತಾಯಿ ಕಾರ್ಡಿನಲ್ಲಿ ಈ ಪರೀಕ್ಷೆ ಬರೆದಿದೆಯಾ ಅಂತ ಆಶಾ ಕಾರ್ಯಕರ್ತೆಯಲ್ಲಿ ಕೇಳಿ. ತಾಯಿಗೆ ಸೋಂಕಿದ್ದರೆ ಮಗುವಿಗೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಚುಚ್ಚುಮದ್ದೂ ಬೇಕಾಗುತ್ತದೆ.

ಸೋಂಕು ಕಂಡರೆ ಬದುಕು ಮುಗಿಯಿತು ಅಂತಲ್ಲ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ, ಬೇಕಾದವರಿಗೆ 2018ರಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಉಚಿತವಾಗಿ ಸಿಗುತ್ತದೆ. ತಪ್ಪದೆ ತಪಾಸಣೆ ಬೇಕು. ಒಂದೇ ತಟ್ಟೆಯಲ್ಲಿ ಉಂಡರೆ, ಕೈ ಕುಲುಕಿದರೆ, ಮಸೀದಿಯಲ್ಲಿ ಪಕ್ಕ ನಿಂತರೆ ಇದು ಬರುವುದಿಲ್ಲ. ಮದುವೆಗೂ ಅಡ್ಡಿಯಿಲ್ಲ, ಸಂಗಾತಿ ಮೊದಲೇ ಲಸಿಕೆ ಪಡೆದು ರಕ್ಷಣೆ ಬಂದಿದೆ ಅಂತ ಖಚಿತ ಮಾಡಿಕೊಂಡರಾಯಿತು. ಆದರೆ ಮುಚ್ಚಿಟ್ಟು ಮದುವೆ ಮಾಡುವುದು ಅನ್ಯಾಯ.

ನಮ್ಮ ಜಮಾಅತ್‌ಗಳೂ ಸಂಘಟನೆಗಳೂ ರಕ್ತದಾನ ಶಿಬಿರದಲ್ಲಿ ಹೆಸರು ಮಾಡಿವೆ. ಅದೇ ಉತ್ಸಾಹದಲ್ಲಿ ತಾಲ್ಲೂಕು ಆಸ್ಪತ್ರೆಯ ಡಾಕ್ಟರರನ್ನು ಕರೆದು, ಹದಿನೆಂಟು ದಾಟಿದವರಿಗೆ ಪರೀಕ್ಷೆ ಮತ್ತು ಮೂರು ಸುತ್ತಿನ ಲಸಿಕಾ ಶಿಬಿರ ಇಡಬಹುದು. ಮೊದಲ ಸುತ್ತಿಗೆ ಬಂದವರ ಪಟ್ಟಿ ಇಟ್ಟು, ಮೂರನೇ ಸುತ್ತಿಗೂ ಕರೆದು ತರುವುದೇ ಅದರಲ್ಲಿ ದೊಡ್ಡ ಕೆಲಸ.

ಆ ಹುಡುಗನ ಮನೆಯವರೆಲ್ಲ ಆಮೇಲೆ ಪರೀಕ್ಷೆ ಮಾಡಿಸಿದರು. ತಾಯಿಗೂ ಸೋಂಕು ಇತ್ತು. ಹೆಚ್ಚಾಗಿ ಹೆರಿಗೆಯಲ್ಲೇ ಮಗನಿಗೆ ಬಂದಿರಬೇಕು ಅಂದರು ಡಾಕ್ಟರ್. ‘ನನ್ನಿಂದಲೇ ಆಯ್ತಲ್ಲಾ’ ಅಂತ ಆ ತಾಯಿ ತುಂಬಾ ಅತ್ತರು. ಅವರ ತಪ್ಪೇನೂ ಇಲ್ಲ. ಅವರ ಕಾಲದಲ್ಲಿ ಅವರನ್ನು ಯಾರೂ ಪರೀಕ್ಷಿಸಲಿಲ್ಲ, ಹುಟ್ಟಿದ ಮಗುವಿಗೆ ಲಸಿಕೆಯೂ ಸಿಗಲಿಲ್ಲ. ಹುಡುಗನ ತಂಗಿಗೆ ಸೋಂಕಿಲ್ಲ, ಮೂರು ಡೋಸೂ ಮುಗಿದಿದೆ. ಇವತ್ತಿನ ತಾಯಂದಿರಿಗೆ ಎರಡೂ ಸಿಗುತ್ತದೆ, ಕೇಳಿ ಪಡೆಯಬೇಕು ಅಷ್ಟೇ.