ಅಕ್ಕೋರಿಗೆ ಬೀಳ್ಕೊಡುಗೆ

ಕಲಾದಗಿಯ ಸೀಮೆಯಲ್ಲಿ ಕನ್ನಡ ಶಾಲೆಯ ಶಿಕ್ಷಕಿಯನ್ನು ಮಕ್ಕಳು ಹೆಸರು ಹಿಡಿದು ಕರೆಯುವುದಿಲ್ಲ, 'ಅಕ್ಕೋರು' ಎನ್ನುತ್ತಾರೆ. ಬಾಗಲಕೋಟೆಯಾಗಲಿ, ಬಾದಾಮಿಯಾಗಲಿ, ಹುನಗುಂದ-ಇಳಕಲ್ಲುಗಳಾಗಲಿ, ಊರು ಬದಲಾದರೂ ಈ ಸಂಬೋಧನೆ ಬದಲಾಗದು. ಶಾಲೆಯ ಅಧಿಕಾರಕ್ಕೆ ಮನೆಯ ಹಿರಿಯಕ್ಕನ ಸಲುಗೆಯನ್ನು ಬೆರೆಸಿದ ಮಾತು ಅದು. ಅಂತಹ ಅಕ್ಕೋರೊಬ್ಬರು ನಿವೃತ್ತರಾಗುವ ದಿನ ಊರಿಗೆ ಊರೇ ಶಾಲೆಯ ಅಂಗಳದಲ್ಲಿ ನೆರೆಯುತ್ತದೆ. ಶಾಲು, ಹೂವಿನ ಹಾರ, ಇಳಕಲ್ಲ ಸೀರೆ, ಬುಟ್ಟಿ ತುಂಬ ದಾಳಿಂಬೆ ಹಣ್ಣು. ತಾಯಿಗೂ ಮಗಳಿಗೂ ಅದೇ ಅಕ್ಕೋರು ಅಕ್ಷರ ತಿದ್ದಿಸಿದ ಮನೆಗಳು ಆ ನೆರವಿಯಲ್ಲಿ ಹಲವಿರುತ್ತವೆ. ಕೊನೆಯ ಸಾಲಿನ ಕುರ್ಚಿಯಲ್ಲಿ, ಇಷ್ಟೆಲ್ಲ ತನಗೆ ಸಂಬಂಧಿಸಿದ್ದಲ್ಲವೆಂಬಂತೆ, ಅಕ್ಕೋರ ಯಜಮಾನರು ಕುಳಿತಿರುತ್ತಾರೆ.

ಭಾಷಣಕಾರರೆಲ್ಲರ ಬಾಯಿಯಲ್ಲೂ ಅಂದು ಜೋಡಿಮಾತೊಂದು ಬಂದೇ ಬರುತ್ತದೆ: ಆದರ್ಶ ಶಿಕ್ಷಕಿ, ಆದರ್ಶ ಗೃಹಿಣಿ. ಈ ಎರಡು ಪದಗಳು ಅನಾದಿಯಿಂದಲೂ ಒಂದೇ ಪಂಕ್ತಿಯಲ್ಲಿ ಕುಳಿತಿದ್ದವೋ ಎಂಬಷ್ಟು ಸಲೀಸಾಗಿ ಅದನ್ನು ಆಡಲಾಗುತ್ತದೆ. ಆದರೆ ಅವು ಒಂದೆಡೆ ಕೂಡಲಾರದಿದ್ದ ಕಾಲವೊಂದಿತ್ತು. ಅಕ್ಷರ ಕಲಿತ ಹೆಣ್ಣಿಗೆ ವೈಧವ್ಯ ತಪ್ಪದೆಂದು ನಂಬಿದ್ದ ಸಮಾಜ, ಕಲಿಸಲು ಹೊರಟ ಹೆಣ್ಣನ್ನು ಗೃಹಿಣಿಯೆಂದು ಒಪ್ಪುವ ಮಾತೆಲ್ಲಿ? ಆ ಎರಡು ಪದಗಳನ್ನು ಮೊದಲ ಬಾರಿಗೆ ಒಂದೇ ಬಾಳಿನಲ್ಲಿ ಹೊಸೆದವರಲ್ಲಿ ಒಬ್ಬಳನ್ನು, ಹಾರ-ತುರಾಯಿಗಳ ಗದ್ದಲದ ನಡುವೆ, ಒಂದು ಗಳಿಗೆ ನೆನೆಯುವುದು ಸಲ್ಲುವ ಕೆಲಸ. ಆಕೆಗೆ ಬೀಳ್ಕೊಡುಗೆಯ ಸಮಾರಂಭವೆಂಬುದು ಎಂದೂ ನಡೆಯಲಿಲ್ಲ.

ಸಾವಿತ್ರಿಬಾಯಿ ಫುಲೆ ಹುಟ್ಟಿದ್ದು ೧೮೩೧ರ ಜನವರಿ ೩ರಂದು, ಸಾತಾರಾ ಜಿಲ್ಲೆಯ ನಾಯಗಾಂವದಲ್ಲಿ. ತಂದೆ ಖಂಡೋಜಿ ನೇವಸೆ ಪಾಟೀಲರು. ೧೮೪೦ರಲ್ಲಿ, ಒಂಬತ್ತರ ಪ್ರಾಯದಲ್ಲಿ, ಪುಣೆಯ ಜೋತಿರಾಯರ ಕೈಹಿಡಿದು ಬಂದಾಗ ಆಕೆಗೆ ಓದು-ಬರಹ ಬರುತ್ತಿರಲಿಲ್ಲ. ವರನಿಗೂ ಆಗ ಹದಿಮೂರೇ ವರ್ಷ. ತಾಯಿಯಿಲ್ಲದ ಜೋತಿರಾಯರನ್ನು ಸಾಕಿದ ಸಗುಣಾಬಾಯಿ ಮತ್ತು ಸಾವಿತ್ರಿ, ಇವರಿಬ್ಬರೇ ಆತನ ಮೊದಲ ವಿದ್ಯಾರ್ಥಿನಿಯರು. ಗಂಡನೇ ಗುರುವಾದುದು ಹೀಗೆ. ಮುಂದೆ ಆಕೆ ಅಹಮದನಗರದಲ್ಲಿಯೂ ಪುಣೆಯಲ್ಲಿಯೂ ಮಿಷನರಿ ಮಹಿಳೆಯರಿಂದ ಬೋಧನೆಯ ಶಿಕ್ಷಣ ಪಡೆದಳು. ೧೮೪೮ರಲ್ಲಿ ಪುಣೆಯ ಭಿಡೆಯವರ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಾಗ ಆಕೆಯ ವಯಸ್ಸು ಹದಿನೇಳು.

ಶಾಲೆಗೆ ಹೋಗುವ ಹಾದಿಯಲ್ಲಿ ಜನ ಆಕೆಯ ಮೇಲೆ ಸೆಗಣಿ, ಕೆಸರು, ಕಲ್ಲು ಎಸೆಯುತ್ತಿದ್ದರೆಂದೂ, ಅದಕ್ಕಾಗಿ ಆಕೆ ಇನ್ನೊಂದು ಸೀರೆಯನ್ನು ಜತೆಯಲ್ಲೇ ಒಯ್ದು ಶಾಲೆಯಲ್ಲಿ ಬದಲಿಸುತ್ತಿದ್ದಳೆಂದೂ ಹೇಳುವ ಕಥೆಯನ್ನು ಕೇಳದವರು ವಿರಳ. ಬೀದಿಯ ಕೆಸರನ್ನು ತೊಳೆಯಬಹುದು. ಮನೆಯ ಬಾಗಿಲೇ ಮುಚ್ಚಿದರೆ? ೧೮೪೯ರಲ್ಲಿ ನೆರೆಹೊರೆಯ ಒತ್ತಾಯಕ್ಕೆ ಮಣಿದ ಮಾವ ಗೋವಿಂದರಾಯರು, ಶಾಲೆಯೋ ಮನೆಯೋ ಎಂದು ಕೇಳಿದರು. ಮಗ-ಸೊಸೆ ಶಾಲೆಯನ್ನು ಆರಿಸಿಕೊಂಡು ಹೊಸ್ತಿಲು ದಾಟಿದರು. ಅವರಿಗೆ ಆಶ್ರಯ ಕೊಟ್ಟದ್ದು ಉಸ್ಮಾನ್ ಶೇಖರ ಮನೆ. ಆ ಮನೆಯ ಫಾತಿಮಾ ಶೇಖ್ ಸಾವಿತ್ರಿಬಾಯಿಯ ಜತೆಗೆ ನಿಂತು ಪಾಠ ಹೇಳಿದಳು. ೧೮೫೧ರ ಹೊತ್ತಿಗೆ ದಂಪತಿಗಳು ನಡೆಸುತ್ತಿದ್ದ ಬಾಲಿಕಾ ಶಾಲೆಗಳು ಮೂರಾದವು.

ಶಿಕ್ಷಕಿಯಾಗಿ ಆಕೆ ಮಾಡಿದ ಕಾರ್ಯ ಇಂದು ಪಠ್ಯಪುಸ್ತಕಗಳಲ್ಲಿದೆ. ಆಕೆ ಎಂತಹ ಹೆಂಡತಿಯಾಗಿದ್ದಳೆಂಬುದನ್ನು ತಿಳಿಯಲು ಮಾತ್ರ ಬೇರೆಡೆ ನೋಡಬೇಕು. ಪತಿಗೆ ಆಕೆ ಬರೆದ ಮೂರು ಪತ್ರಗಳು ಉಳಿದಿವೆ: ೧೮೫೬, ೧೮೬೮ ಮತ್ತು ೧೮೭೭ರವು. ಅಗಲಿಕೆಯ ಕಾಲದ ಪತ್ರಗಳಾದರೂ ಅವುಗಳಲ್ಲಿ ವಿರಹದ ವಿಲಾಪವಿಲ್ಲ.

ಮೊದಲನೆಯದು ತವರಿನಿಂದ ಬರೆದದ್ದು. ಕಾಯಿಲೆಬಿದ್ದು ನಾಯಗಾಂವಕ್ಕೆ ಹೋದ ಆಕೆಯನ್ನು ಅಣ್ಣ ಅಕ್ಕರೆಯಿಂದ ಉಪಚರಿಸಿದ. ಆದರೆ ಗುಣವಾಗುತ್ತ ಬಂದಂತೆ ಬುದ್ಧಿವಾದ ಆರಂಭವಾಯಿತು: ಮಹಾರ-ಮಾಂಗರಿಗೆ ಕಲಿಸಿ ನೀನೂ ನಿನ್ನ ಗಂಡನೂ ಜಾತಿಯಿಂದ ಹೊರಗಾದಿರಿ, ಇನ್ನಾದರೂ ಬಿಡಿ. ತವರಿನ ಋಣ ಒಂದೆಡೆ, ಗಂಡನ ಮಾನ ಇನ್ನೊಂದೆಡೆ. ಇಂತಹ ಸಂದರ್ಭದಲ್ಲಿ ಹೆಣ್ಣುಮಗಳು ಕಣ್ಣೀರಿಟ್ಟು ಸುಮ್ಮನಾಗುವುದು ವಾಡಿಕೆ. ಸಾವಿತ್ರಿ ಸುಮ್ಮನಾಗಲಿಲ್ಲ. ದನಕ್ಕೂ ಆಡಿಗೂ ಮೈದಡವುವ, ಪಂಚಮಿಯ ದಿನ ಹಾವಿಗೂ ಹಾಲೆರೆಯುವ ನೀನು, ಮನುಷ್ಯನನ್ನು ಮುಟ್ಟಲಾರೆಯಾ ಎಂದು ಅಣ್ಣನನ್ನೇ ಕೇಳಿದಳು. ಅಣ್ಣ ತಲೆತಗ್ಗಿಸಿದ, ಕೇಳುತ್ತಿದ್ದ ತಾಯಿಯ ಕಣ್ಣು ತುಂಬಿತು. ಇದನ್ನೆಲ್ಲ ಗಂಡನಿಗೆ ಬರೆಯುವಾಗ ಆಕೆಯ ಧಾಟಿ ದೂರಿನದಲ್ಲ. ಕೈಕೊಂಡ ಕೆಲಸದ ವರದಿ ಒಪ್ಪಿಸುವ ಸಂಗಾತಿಯದು.

ಎರಡನೆಯದೂ ತವರಿನಿಂದಲೇ. ಪಂಚಾಂಗ ಓದುವ ಬ್ರಾಹ್ಮಣ ಯುವಕ ಗಣೇಶನಿಗೂ ಮಹಾರರ ಹುಡುಗಿ ಶಾರಜಾಳಿಗೂ ಪ್ರೇಮ ಬೆಳೆದು, ಹುಡುಗಿ ಆರು ತಿಂಗಳ ಬಸುರಿ. ಊರಿನವರು ಇಬ್ಬರನ್ನೂ ಹೊಡೆದು, ಬೀದಿಯಲ್ಲಿ ಮೆರೆಸಿ ಕೊಲ್ಲಲು ಒಯ್ಯುತ್ತಿದ್ದರು. ಸುದ್ದಿ ತಿಳಿದ ಸಾವಿತ್ರಿಬಾಯಿ ಓಡಿ ಹೋಗಿ ಅಡ್ಡ ನಿಂತಳು. ಸರಕಾರದ ಕಾಯಿದೆಯ ಭಯ ಹೇಳಿ ಗುಂಪನ್ನು ತಡೆದಳು. ಉಳಿದ ಜೀವಗಳನ್ನು ಕಳುಹಿಸಿದ್ದೆಲ್ಲಿಗೆ? ಪುಣೆಗೆ, ತನ್ನ ಗಂಡನ ಬಳಿಗೆ. ಅವರನ್ನು ಆತ ಇರಿಸಿಕೊಂಡಾನೋ ಇಲ್ಲವೋ ಎಂಬ ಸಂದೇಹ ಪತ್ರದಲ್ಲಿ ಎಳ್ಳಷ್ಟೂ ಇಲ್ಲ. ದಾಂಪತ್ಯದಲ್ಲಿ ಇದಕ್ಕಿಂತ ದೊಡ್ಡ ವಿಶ್ವಾಸ ಯಾವುದು?

ಮೂರನೆಯ ಪತ್ರವನ್ನು ಓದುವಾಗ ಕಲಾದಗಿಯವರ ಎದೆ ತುಸು ಹೆಚ್ಚೇ ಬಡಿದುಕೊಳ್ಳಬೇಕು. ಅಂದು ಪುಣೆಯೂ ಕಲಾದಗಿಯೂ ಒಂದೇ ಮುಂಬಯಿ ಇಲಾಖೆಗೆ ಸೇರಿದ್ದವು. ಇಂದು ಘಟಪ್ರಭೆಯ ದಡದಲ್ಲಿ ಹಣ್ಣಿನ ತೋಟಗಳಿಗೆ ಹೆಸರಾದ ಈ ಊರು ಅಂದು ಜಿಲ್ಲೆಯ ಮುಖ್ಯ ಸ್ಥಳ. ಕಚೇರಿಗಳು ವಿಜಾಪುರಕ್ಕೆ ಹೋದದ್ದು ೧೮೮೫ರಲ್ಲಿ. ೧೮೭೬ರಲ್ಲಿ ಮಳೆ ಕೈಕೊಟ್ಟು, ಧಾತು-ಈಶ್ವರ ಸಂವತ್ಸರಗಳ ಮಹಾ ಬರ ಬಂದಾಗ, ಇಲಾಖೆಯಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಕಲಾದಗಿಯೂ ಒಂದು. ೧೮೭೨ ಮತ್ತು ೧೮೮೧ರ ಜನಗಣತಿಗಳ ನಡುವೆ ಇಲ್ಲಿಯ ಜನಸಂಖ್ಯೆ ಐದರಲ್ಲಿ ಒಂದು ಪಾಲಿನಷ್ಟು ಕುಗ್ಗಿತು. ಹಸಿವಿನಿಂದ ಸತ್ತವರು ಎಷ್ಟೋ, ಊರು ಬಿಟ್ಟವರು ಎಷ್ಟೋ!

ಅದೇ ಬರದ ಉರಿಯಲ್ಲಿ, ೧೮೭೭ರ ಏಪ್ರಿಲ್ ತಿಂಗಳಲ್ಲಿ, ಜುನ್ನರದ ಕಡೆಯ ಓತೂರಿನಿಂದ ಸಾವಿತ್ರಿಬಾಯಿ ಪತಿಗೆ ಬರೆದಳು. ನೆಲದಲ್ಲಿ ಹಸುರಿಲ್ಲ, ದನಕ್ಕೆ ಮೇವಿಲ್ಲ, ಜನ ಗುಳೆ ಹೊರಟಿದ್ದಾರೆ, ಸಾಹುಕಾರರು ಸಮಯ ಸಾಧಿಸುತ್ತಿದ್ದಾರೆ. ಹಸಿದವರ ನೆರವಿಗೆ ನಿಂತ ಸತ್ಯಶೋಧಕ ಸಮಾಜದ ಕಾರ್ಯಕರ್ತರನ್ನೇ ಸೆರೆಹಿಡಿದಾಗ ಆಕೆ ಕಲೆಕ್ಟರರೊಡನೆ ನೇರವಾಗಿ ವಾದಿಸಿ ಅವರನ್ನು ಬಿಡಿಸಿದಳು. ನಾಲ್ವತ್ತಾರರ ಪ್ರಾಯದ ಆ ಗೃಹಿಣಿಗೆ ಅಂದು ಮನೆಯೆಂದರೆ ಬರಪೀಡಿತ ತಾಲ್ಲೂಕು. ಅಡುಗೆಯ ಒಲೆಯೆಂದರೆ ಅನ್ನಛತ್ರದ ಒಲೆ.

ದಂಪತಿಗಳಿಗೆ ಸ್ವಂತ ಮಕ್ಕಳಾಗಲಿಲ್ಲ. ವಂಚನೆಗೊಳಗಾಗಿ ಬಸುರಾದ ವಿಧವೆಯರು ಕೂಸನ್ನು ಕೊಲ್ಲುವ ಗತಿ ಬಾರದಿರಲೆಂದು ೧೮೬೩ರಲ್ಲಿ ಅವರು ತಮ್ಮಲ್ಲಿಯೇ ಹೆರಿಗೆಯ ಆಸರೆಮನೆಯನ್ನು ತೆರೆದಿದ್ದರು. ಹಾಗೆ ಬಂದ ಒಬ್ಬ ವಿಧವೆಯ ಮಗುವನ್ನೇ ದತ್ತಕ ತೆಗೆದುಕೊಂಡು, ಯಶವಂತನೆಂದು ಹೆಸರಿಟ್ಟು, ಓದಿಸಿ ವೈದ್ಯನನ್ನಾಗಿ ಮಾಡಿದರು.

೧೮೮೮ರಲ್ಲಿ ಪಾರ್ಶ್ವವಾಯು ಜೋತಿರಾಯರನ್ನು ಹಾಸಿಗೆಗೆ ಕೆಡವಿತು. ಎರಡು ವರ್ಷ ಆಕೆ ಶುಶ್ರೂಷೆ ಮಾಡಿದಳು. ೧೮೯೦ರ ನವೆಂಬರ್ ೨೮ರಂದು ಆತ ತೀರಿಕೊಂಡ. ಶವಯಾತ್ರೆಯ ಮುಂದೆ ಬೆಂಕಿಯ ಮಡಕೆಯನ್ನು ಯಾರು ಹಿಡಿಯಬೇಕೆಂಬ ತಕರಾರು ಎದ್ದಿತು. ದತ್ತುಮಗನಿಗೆ ಆ ಹಕ್ಕಿಲ್ಲವೆಂದು ದಾಯಾದಿಗಳ ವಾದ. ಆಗ ಸಾವಿತ್ರಿಬಾಯಿ ಮುಂದೆ ಬಂದು ಮಡಕೆಯನ್ನು ತಾನೇ ಎತ್ತಿಕೊಂಡಳು. ಪತಿಯ ಚಿತೆಗೆ ತಾನೇ ಅಗ್ನಿ ಕೊಟ್ಟಳು. ಪತಿಯ ಕೈಯಿಂದ ಪಾಟಿ-ಬಳಪ ಪಡೆದ ಕೈ ಅದು. ಐವತ್ತು ವರುಷಗಳ ದಾಂಪತ್ಯದ ಕೊನೆಯ ಕರ್ತವ್ಯವನ್ನೂ ಅದು ಇನ್ನೊಬ್ಬರಿಗೆ ಬಿಡಲಿಲ್ಲ. ಆ ಬಳಿಕ ಸತ್ಯಶೋಧಕ ಸಮಾಜದ ಹೊಣೆಯೂ ಆಕೆಯ ಹೆಗಲಿಗೇ ಬಂದಿತು.

ಅರವತ್ತಾರು ವಯಸ್ಸಿಗೆ ಇತರರು ಮೊಮ್ಮಕ್ಕಳಿಗೆ ಕಥೆ ಹೇಳುತ್ತ ಕುಳಿತಿರುತ್ತಾರೆ. ೧೮೯೭ರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿದಾಗ, ಊರ ಹೊರಗೆ ಯಶವಂತ ತೆರೆದ ಚಿಕಿತ್ಸಾಲಯಕ್ಕೆ ಸಾವಿತ್ರಿಬಾಯಿ ರೋಗಿಗಳನ್ನು ತಂದು ಸೇರಿಸುತ್ತಿದ್ದಳು. ಮುಂಢವೆಯ ದಲಿತ ಕೇರಿಯ ಬಾಲಕನೊಬ್ಬನನ್ನು ಬೆನ್ನ ಮೇಲೆ ಹೊತ್ತು ತಂದಳೆಂದು ಚರಿತ್ರಕಾರರು ಬರೆಯುತ್ತಾರೆ. ಬಾಲಕ ಉಳಿದ, ಬೇನೆ ಆಕೆಗೆ ಅಂಟಿತು. ಮಾರ್ಚ್ ೧೦ರಂದು ಆಕೆ ಕಣ್ಣುಮುಚ್ಚಿದಳು. ನಿವೃತ್ತಿಯ ಹಾರ ಬೀಳದ ಕೊರಳು ಅದು.

೧೯೯೮ರಲ್ಲಿ ಆಕೆಯ ನೆನಪಿಗೆ ಅಂಚೆಚೀಟಿ ಹೊರಟಿತು. ೨೦೧೪ರಲ್ಲಿ ಪುಣೆಯ ವಿಶ್ವವಿದ್ಯಾಲಯಕ್ಕೆ ಆಕೆಯ ಹೆಸರಿಟ್ಟರು. ಮನೆಬಾಗಿಲು ಮುಚ್ಚಿಸಿದ ಊರು ಅಂತೂ ತನ್ನ ವಿದ್ಯಾಮಂದಿರದ ಬಾಗಿಲಿಗೆ ಆ ಹೆಸರನ್ನು ಬರೆದುಕೊಂಡಿತು.

ಕಲಾದಗಿಯ ಸೀಮೆಯ ಶಾಲೆಯಂಗಳಕ್ಕೆ ಮರಳೋಣ. ಸಭೆ ಮುಗಿಯುತ್ತದೆ; ಅಕ್ಕೋರ ಕಾಲಿಗೆರಗಿದ ಮಕ್ಕಳು ಚದರುತ್ತಾರೆ. ಶಿಕ್ಷಕಿ ಮತ್ತು ಗೃಹಿಣಿ ಎಂಬ ಎರಡು ಬಿರುದುಗಳಲ್ಲಿ ಒಂದು ಇಂದು ಮುಗಿಯಿತು, ಇನ್ನು ಆರಾಮವಾಗಿ ಮನೆ ನೋಡಿಕೊಂಡಿರಲಿ ಎಂದು ಹಿರಿಯರು ಹರಸುತ್ತಾರೆ. ಹರಕೆ ಒಳ್ಳೆಯದೇ. ಆದರೆ ಮರುದಿನ ಬೆಳಗ್ಗೆ ನೆರೆಮನೆಯ ಹುಡುಗಿ ಪಾಟಿ ಹಿಡಿದು ಅದೇ ಅಕ್ಕೋರ ಕಟ್ಟೆಯ ಮೇಲೆ ಬಂದು ಕುಳಿತರೆ, ಅವಳನ್ನು ಹಿಂದಕ್ಕೆ ಕಳಿಸುವ ಅಕ್ಕೋರು ಈ ಸೀಮೆಯಲ್ಲಿ ಸಿಕ್ಕುವುದು ಕಷ್ಟ. ಕೊನೆಯ ಸಾಲಿನಲ್ಲಿ ಕುಳಿತಿದ್ದ ಯಜಮಾನರು ಆಗ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಎದ್ದು, ಅಂದಿನ ಚಹವನ್ನು ತಾವೇ ಮಾಡಿಕೊಂಡು, ಅಕ್ಕೋರಿಗೂ ಒಂದು ಕಪ್ಪು ತಂದಿಟ್ಟರೆ ಸಾಕು.