ಶೀತಲಗೃಹಗಳ ಪಾಲಿಯುರೆಥೇನ್ ಫೋಮ್ ಹಾಗೂ ಜ್ವಾಲೆ ತಡೆ ಲೇಪನ: ಒಂದು ವಿಶ್ಲೇಷಣೆ

ಹಿನ್ನೆಲೆ

ವಿಜಯನಗರ ಜಿಲ್ಲೆ, ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ ಹಾಗೂ ಸುತ್ತಲಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಮತ್ತು ಹೂವಿನಹಡಗಲಿ ತಾಲ್ಲೂಕುಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಕೃಷಿ ಪ್ರದೇಶಗಳಾಗಿವೆ. ಮೆಕ್ಕೆಜೋಳ, ಜೋಳ ಮತ್ತು ಶೇಂಗಾ ಬೆಳೆಗಳಿಗೆ ಒಣ ಗೋದಾಮು ಸಾಕು. ಆದರೆ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆಯಂತಹ ಹೂವು, ಹಣ್ಣು, ತರಕಾರಿ ಮತ್ತು ಹಾಲು ಕೆಡದಂತೆ ಉಳಿಯಲು ತಂಪು ಬೇಕು. 2020ರಲ್ಲಿ ಕೇಂದ್ರ ಸರ್ಕಾರವು 1 ಲಕ್ಷ ಕೋಟಿ ರೂಪಾಯಿಗಳ ಗುರಿಯೊಂದಿಗೆ ಕೃಷಿ ಮೂಲಸೌಕರ್ಯ ನಿಧಿಯನ್ನು ಆರಂಭಿಸಿತು. 2 ಕೋಟಿ ರೂಪಾಯಿವರೆಗಿನ ಸಾಲಕ್ಕೆ ಶೇ. 3ರಷ್ಟು ಬಡ್ಡಿ ರಿಯಾಯಿತಿ ನೀಡುವ ಈ ಯೋಜನೆಯಲ್ಲಿ ಶೀತಲಗೃಹಗಳೂ ಸೇರಿವೆ. ಇಂತಹ ಕಟ್ಟಡಗಳ ಗೋಡೆಯೊಳಗಿನ ವಸ್ತು ಯಾವುದು, ಅದು ಬೆಂಕಿಗೆ ಹೇಗೆ ವರ್ತಿಸುತ್ತದೆ ಎಂಬುದನ್ನು ಸಾರ್ವಜನಿಕರು ತಿಳಿದಿರುವುದು ಅವಶ್ಯಕ.

ಗಡಸು ಫೋಮ್‌ನ ಗುಣ ಮತ್ತು ಅಪಾಯ

ಶೀತಲಗೃಹದ ಗೋಡೆಗಳಿಗೆ ಸಾಮಾನ್ಯವಾಗಿ ಬಳಕೆಯಾಗುವುದು ಗಡಸು ಪಾಲಿಯುರೆಥೇನ್ ಫೋಮ್. ಮಾರುಕಟ್ಟೆಯಲ್ಲಿ ಇದು 'ಪಫ್' ಎಂದೇ ಪರಿಚಿತ. ಮನೆಯ ಫ್ರಿಜ್, ಸೌರ ನೀರು ಕಾಯಿಸುವ ಟ್ಯಾಂಕ್, ಹಾಲು ಶೈತ್ಯೀಕರಣ ಘಟಕ ಮತ್ತು ಶೀತಲ ವಾಹನಗಳಲ್ಲಿಯೂ ಇದೇ ವಸ್ತುವಿದೆ. ಘನ ಮೀಟರಿಗೆ ಸುಮಾರು 40 ಕಿ.ಗ್ರಾಂ ಮಾತ್ರ ತೂಗುವ ಇದು ಇಟ್ಟಿಗೆ ಗೋಡೆಗಿಂತ ಹಲವು ಪಟ್ಟು ಹೆಚ್ಚು ಸಮರ್ಥವಾಗಿ ಶಾಖವನ್ನು ತಡೆಯುತ್ತದೆ. ಇಂತಹ ಫೋಮ್‌ಗಾಗಿ ಭಾರತೀಯ ಮಾನಕ ಐಎಸ್ 12436 ಜಾರಿಯಲ್ಲಿದೆ.

ಶಾಖವನ್ನು ತಡೆಯುವ ವಸ್ತುವು ಬೆಂಕಿಯನ್ನೂ ತಡೆಯುತ್ತದೆ ಎಂಬ ಭಾವನೆ ಸರಿಯಲ್ಲ. ಶಾಖ ಒಳಗೆ ಹರಿದುಹೋಗದ ಕಾರಣ ಫೋಮ್‌ನ ಮೇಲ್ಮೈ ಬೇಗನೆ ಕಾಯುತ್ತದೆ. ಹೊತ್ತಿದ ಮೇಲೆ ಉರಿ ವೇಗವಾಗಿ ಹಬ್ಬುತ್ತದೆ. ಉರಿಯುವ ಫೋಮ್ ದಟ್ಟ ಹೊಗೆಯೊಡನೆ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲಗಳನ್ನು ಹೊರಸೂಸುತ್ತದೆ. ಕಿಟಕಿಗಳಿಲ್ಲದ, ಒಂದೇ ಬಾಗಿಲಿನ ಕೋಣೆಯಲ್ಲಿ ಮೂಟೆ ಹೊರುವ ಹಮಾಲರಿಗೆ ಉರಿಗಿಂತ ಮೊದಲು ತಟ್ಟುವುದು ಈ ಹೊಗೆ.

ಅನುಭವದ ಪಾಠ

ದಕ್ಷಿಣ ಕೊರಿಯಾದ ಇಚಿಯೋನ್ ನಗರದ ಘಟನೆಗಳು ಈ ವಿಷಯದಲ್ಲಿ ಗಮನಾರ್ಹ. 2008ರ ಜನವರಿಯಲ್ಲಿ ಅಲ್ಲಿನ ಶೀತಲ ಗೋದಾಮಿನ ಬೆಂಕಿಗೆ 40 ಮಂದಿ ಬಲಿಯಾದರು. 2020ರ ಏಪ್ರಿಲ್‌ನಲ್ಲಿ ಅದೇ ನಗರದಲ್ಲಿ ನಿರ್ಮಾಣ ಹಂತದಲ್ಲಿದ್ದ ಮತ್ತೊಂದು ಗೋದಾಮಿನಲ್ಲಿ 38 ಮಂದಿ ಮೃತಪಟ್ಟರು. ಎರಡೂ ಕಡೆ ಯುರೆಥೇನ್ ಫೋಮ್ ಉರಿದಿತ್ತು. ಎರಡನೆಯದರಲ್ಲಿ ವೆಲ್ಡಿಂಗ್ ಕಿಡಿಯೇ ಕಾರಣವೆಂದು ತನಿಖೆ ತಿಳಿಸಿತು. ಹನ್ನೆರಡು ವರ್ಷಗಳ ಅಂತರದಲ್ಲಿ ಒಂದೇ ಊರಿನಲ್ಲಿ ಅದೇ ವಸ್ತುವಿನಿಂದ ಅನಾಹುತ ಮರುಕಳಿಸಿತು.

ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಕಟ್ಟಡದಲ್ಲಿ 2010ರ ಫೆಬ್ರವರಿ 23ರಂದು ಸಂಭವಿಸಿದ ಅವಘಡಕ್ಕೆ ಫೋಮ್ ಕಾರಣವಲ್ಲ. ಆದರೂ ಮೇಲಿನ ಮಹಡಿಗಳಿಗೆ ಹೊಗೆ ಹಬ್ಬಿ 9 ಮಂದಿ ಪ್ರಾಣ ಕಳೆದುಕೊಂಡ ಆ ಘಟನೆ, ಹೊಗೆ ಎಷ್ಟು ಬೇಗ ದಾರಿ ಮುಚ್ಚುತ್ತದೆ ಎಂಬುದನ್ನು ನಾಡಿಗೆ ತೋರಿಸಿಕೊಟ್ಟಿತು.

ಲೇಪನ ಮಾಡುವ ಕೆಲಸ

ಫೋಮ್‌ನ ಮೇಲ್ಮೈಗೆ ಬಳಿಯುವ ಜ್ವಾಲೆ ತಡೆ ಲೇಪನಗಳಲ್ಲಿ ಉಬ್ಬುವ ಲೇಪನವು ಪ್ರಮುಖವಾದುದು. ಅದರಲ್ಲಿ ಸಾಮಾನ್ಯವಾಗಿ ಮೂರು ಘಟಕಗಳಿರುತ್ತವೆ. ಬಿಸಿ ತಗುಲಿದಾಗ ಅಮೋನಿಯಂ ಪಾಲಿಫಾಸ್ಫೇಟ್ ಆಮ್ಲವನ್ನು ಬಿಡುಗಡೆ ಮಾಡುತ್ತದೆ, ಪೆಂಟಾಎರಿಥ್ರಿಟಾಲ್ ಇದ್ದಿಲಾಗುತ್ತದೆ, ಮೆಲಮೈನ್‌ನಿಂದ ಹೊರಟ ಅನಿಲ ಆ ಇದ್ದಿಲನ್ನು ಉಬ್ಬಿಸುತ್ತದೆ. ಹೀಗೆ ತೆಳುವಾದ ಬಣ್ಣದ ಪದರವು ದಪ್ಪನೆಯ ಇದ್ದಿಲ ಹೊದಿಕೆಯಾಗಿ ಫೋಮ್‌ಗೆ ಶಾಖ ಮತ್ತು ಆಮ್ಲಜನಕ ತಲುಪುವುದನ್ನು ನಿಧಾನಗೊಳಿಸುತ್ತದೆ.

ನಿಧಾನಗೊಳಿಸುತ್ತದೆ ಎಂಬ ಮಾತೇ ಇಲ್ಲಿ ಮುಖ್ಯ. ಲೇಪನವು ಫೋಮ್ ಅನ್ನು ಉರಿಯದ ವಸ್ತುವನ್ನಾಗಿ ಮಾಡುವುದಿಲ್ಲ; ಹೊರಬರಲು ಕೆಲವು ನಿಮಿಷಗಳ ಅವಕಾಶ ಕೊಡುತ್ತದೆ. ಆ ಅವಕಾಶವೂ ಈ ಕೆಳಕಂಡ ಕಾರಣಗಳಿಂದ ಕೈತಪ್ಪಬಹುದು.

1. ತಯಾರಕರು ಸೂಚಿಸಿದ ದಪ್ಪಕ್ಕಿಂತ ತೆಳುವಾಗಿ ಬಳಿದರೆ ಇದ್ದಿಲ ಪದರ ಸಾಕಷ್ಟು ಬೆಳೆಯುವುದಿಲ್ಲ.
2. ಅಮೋನಿಯಂ ಪಾಲಿಫಾಸ್ಫೇಟ್ ತೇವಕ್ಕೆ ಸೂಕ್ಷ್ಮವಾದುದು. ಶೀತಲಗೃಹದ ಗೋಡೆಗಳಲ್ಲಿ ನೀರು ಬೆವರುವುದರಿಂದ ಮೇಲೊಂದು ರಕ್ಷಣಾ ಪದರವಿಲ್ಲದಿದ್ದರೆ ಲೇಪನ ಕ್ಷೀಣಿಸುತ್ತದೆ.
3. ಪೈಪು ಮತ್ತು ವಿದ್ಯುತ್ ತಂತಿಗಾಗಿ ಕೊರೆದ ರಂಧ್ರ, ಮೂಟೆ ತಗುಲಿ ಕಿತ್ತುಹೋದ ಜಾಗ, ಫಲಕಗಳ ಸಂದುಗಳಲ್ಲಿ ಫೋಮ್ ಬಯಲಾಗಿರುತ್ತದೆ. ಕಿಡಿ ಸೇರುವುದು ಅಲ್ಲಿಯೇ.
4. ಉಕ್ಕಿನ ತಗಡುಗಳ ನಡುವೆ ಫೋಮ್ ತುಂಬಿದ ಫಲಕಗಳಿಗೆ ಹೊರಗೆ ಬಣ್ಣ ಬಳಿದ ಮಾತ್ರಕ್ಕೆ ಒಳಗಿನ ಅಪಾಯ ನೀಗುವುದಿಲ್ಲ. ಅಲ್ಲಿ ಸಂದುಗಳ ಮುಚ್ಚುವಿಕೆಯೇ ನಿರ್ಣಾಯಕ.

ಅಮೆರಿಕದ ಕಟ್ಟಡ ಸಂಹಿತೆಯು ಸಾಮಾನ್ಯವಾಗಿ ಫೋಮ್ ಮತ್ತು ಕೋಣೆಯ ನಡುವೆ ಅರ್ಧ ಅಂಗುಲದ ಜಿಪ್ಸಂ ಹಲಗೆ ಅಥವಾ 15 ನಿಮಿಷ ತಾಳುವ ತತ್ಸಮಾನ ತಡೆಯನ್ನು ಅಪೇಕ್ಷಿಸುತ್ತದೆ. ಲೇಪನವೊಂದು ಇಂತಹ ತಡೆಗೆ ಸಮ ಎನ್ನಬೇಕಾದರೆ ಅದೇ ಫೋಮ್‌ನ ಮೇಲೆ ಅದೇ ದಪ್ಪದಲ್ಲಿ ಬಳಿದು ಪರೀಕ್ಷಿಸಿರಬೇಕು. ಡಬ್ಬಿಯ ಮೇಲಿನ 'ಅಗ್ನಿನಿರೋಧಕ' ಎಂಬ ಪದ ಮಾತ್ರವೇ ಪುರಾವೆಯಾಗದು.

ಗ್ರಾಮೀಣ ಪ್ರದೇಶದ ಪರಿಸ್ಥಿತಿ

ನಗರದಲ್ಲಿ ಅಗ್ನಿಶಾಮಕ ವಾಹನ ಬೇಗ ತಲುಪಬಹುದು. ತಾಲ್ಲೂಕು ಕೇಂದ್ರದಿಂದ ದೂರದ ಹಳ್ಳಿಗೆ ವಾಹನ ಬರುವ ವೇಳೆಗೆ ಲೇಪನ ನೀಡಿದ ನಿಮಿಷಗಳು ಮುಗಿದಿರಬಹುದು. ಆದ್ದರಿಂದ ಹಳ್ಳಿಗಳಲ್ಲಿ ಲೇಪನದ ಪ್ರಯೋಜನವನ್ನು ಕಟ್ಟಡ ಉಳಿಯುವುದರಿಂದಲ್ಲ, ಒಳಗಿದ್ದವರೆಲ್ಲರೂ ಹೊರಬರುವುದರಿಂದ ಅಳೆಯಬೇಕಾಗುತ್ತದೆ. ಎರಡನೆಯ ಬಾಗಿಲಿಲ್ಲದ ಕೋಣೆಯಲ್ಲಿ ಉತ್ತಮ ಲೇಪನವೂ ನಿರರ್ಥಕ.

ಮಾಲೀಕರು ಮತ್ತು ಸಹಕಾರ ಸಂಘಗಳು ಗಮನಿಸಬೇಕಾದ ಅಂಶಗಳು

• ಫೋಮ್ ಮತ್ತು ಲೇಪನ ಎರಡಕ್ಕೂ ಪರೀಕ್ಷಾ ವರದಿಯನ್ನು ಕೇಳಿ ಪಡೆದು, ಬಳಿದ ದಪ್ಪವನ್ನು ಅಳೆಯಿಸಿ ದಾಖಲಿಸುವುದು.
• ಒಳಗಿನಿಂದ ತೆರೆಯಬಹುದಾದ ಬಾಗಿಲು ಹಾಗೂ ಪ್ರತ್ಯೇಕ ತುರ್ತು ನಿರ್ಗಮನವನ್ನು ನಕ್ಷೆಯ ಹಂತದಲ್ಲಿಯೇ ಸೇರಿಸುವುದು.
• ಫೋಮ್ ಬಯಲಾಗಿರುವ ಕಡೆ ವೆಲ್ಡಿಂಗ್ ಅಥವಾ ಕತ್ತರಿಸುವ ಕೆಲಸ ಮಾಡಿಸದಿರುವುದು. ಅನಿವಾರ್ಯವಾದಲ್ಲಿ ಫೋಮ್ ಅನ್ನು ಮುಚ್ಚಿ, ನಂದಿಸುವ ಸಾಧನದೊಡನೆ ಒಬ್ಬರನ್ನು ಕಾವಲಿರಿಸುವುದು ಮತ್ತು ಕೆಲಸ ಮುಗಿದ ನಂತರವೂ ಸ್ಥಳವನ್ನು ಗಮನಿಸುತ್ತಿರುವುದು.
• ದುರಸ್ತಿಯ ನಂತರ ರಂಧ್ರ ಮತ್ತು ಸಂದುಗಳನ್ನು ಮುಚ್ಚಿ ಮರುಲೇಪನ ಮಾಡಿಸುವುದು.

ಬೆಂಕಿ ಕಂಡುಬಂದಲ್ಲಿ ಸರಕನ್ನು ಉಳಿಸಲು ಒಳಗೆ ಹೋಗದೆ, ಎಲ್ಲರನ್ನೂ ಹೊರಗೆ ಕಳುಹಿಸಿ, ಕೂಡಲೇ 112 ಅಥವಾ 101ಕ್ಕೆ ಕರೆ ಮಾಡತಕ್ಕದ್ದು.